ಮರಗೆಲಸಕ್ಕೆ ಗಾಳಿ ಟೂಲಾ, ಕರೆಂಟ್ ಟೂಲಾ? ಮೊದಲು ಕಂಪ್ರೆಸರ್ ಲೆಕ್ಕ ಹಾಕಿ

ಹೊಸದಾಗಿ ಮರಗೆಲಸದ ಶೆಡ್ ಹಾಕುವವರಿಗೆ ಈ ಗೊಂದಲ ಇದ್ದೇ ಇರುತ್ತದೆ. ಎಲ್ಲಾ ಕರೆಂಟ್ ಮೆಷಿನ್‌ಗಳನ್ನೇ ತಗೊಳ್ಳೋದಾ, ಇಲ್ಲಾ ಒಂದು ಕಂಪ್ರೆಸರ್ (ಗಾಳಿಯನ್ನು ಒತ್ತಿ ಟ್ಯಾಂಕ್‌ಗೆ ತುಂಬುವ ಮೆಷಿನ್) ಕೂರಿಸಿ ಗಾಳಿಯಲ್ಲಿ ನಡೆಯುವ ಟೂಲ್‌ಗಳನ್ನು ತಗೊಳ್ಳೋದಾ? ಟೂಲ್ ಅಂಗಡಿಗೆ ಹೋದರೆ ಗಾಳಿಯ ಪರವಾಗಿ ಮೂರು ಮಾತು ಕೇಳಿಸುತ್ತವೆ: ಹಗುರ, ಅಗ್ಗ, ಸುಟ್ಟುಹೋಗುವ ಮೋಟಾರ್ ಒಳಗಿಲ್ಲ. ಮೂರೂ ನಿಜ. ಆದರೆ ಆ ಮೋಟಾರ್ ಎಲ್ಲೂ ಹೋಗಿಲ್ಲ. ಕಂಪ್ರೆಸರ್ ಆಗಿ ಮೂಲೆಯಲ್ಲಿ ಕೂತಿದೆ. ಅದರ ಬೆಲೆ, ಕರೆಂಟ್ ಬಿಲ್, ಸದ್ದು, ಅದು ಕಾರುವ ನೀರು, ಇಷ್ಟನ್ನೂ ಸೇರಿಸಿದ ಮೇಲೆಯೇ ಹೋಲಿಕೆ ಸರಿಯಾಗುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಗಾಳಿಯನ್ನು ಗುಟುಕು ಗುಟುಕಾಗಿ ಕುಡಿಯುವ ಕೆಲಸಕ್ಕೆ ಗಾಳಿ ಟೂಲ್ ತಗೊಳ್ಳಿ. ಬಾಯಿ ಹಚ್ಚಿದರೆ ಬಿಡದೆ ಕುಡಿಯುವ ಕೆಲಸಕ್ಕೆ ಕರೆಂಟ್ ಟೂಲ್ ತಗೊಳ್ಳಿ. ಮೊಳೆ, ಪಿನ್, ಸ್ಟೇಪಲ್ ಹೊಡೆಯುವುದು ಮೊದಲನೇ ಗುಂಪು. ಉಜ್ಜುವುದು, ಕೊರೆಯುವುದು, ಕೊಯ್ಯುವುದು, ರೂಟರ್ (ಮರದಲ್ಲಿ ಗಾಡಿ ಕೊರೆಯುವ, ಅಂಚು ರೂಪಿಸುವ ಮೆಷಿನ್) ಓಡಿಸುವುದು ಎರಡನೇ ಗುಂಪು. ಇದಕ್ಕೆ ದೊಡ್ಡ ಅಪವಾದ ಅಂದರೆ ಸ್ಪ್ರೇ ಪಾಲಿಶ್. ಅದನ್ನು ನಿಮ್ಮ ಶೆಡ್‌ನಲ್ಲೇ ಮಾಡುತ್ತೀರಾ, ಹೊರಗೆ ಕೊಡುತ್ತೀರಾ? ಯಾವ ಕಂಪ್ರೆಸರ್ ಬೇಕು ಅನ್ನುವುದನ್ನು ಈ ಒಂದು ಪ್ರಶ್ನೆಯೇ ನಿರ್ಧರಿಸುತ್ತದೆ.

ಒಂದು ಟ್ಯಾಂಕ್ ಗಾಳಿ ಎಷ್ಟು ಹೊತ್ತಿಗೆ?

ಒಂದು ಚಿಕ್ಕ ಕಂಪ್ರೆಸರ್ ತಗೊಳ್ಳಿ. 24 ಲೀಟರ್ ಟ್ಯಾಂಕ್, 1 ಎಚ್‌ಪಿ ಮೋಟಾರ್. ಫ್ಲ್ಯಾಟ್‌ಗಳಲ್ಲಿ ಇಂಟೀರಿಯರ್ ಕೆಲಸ ಮಾಡುವವರ ಹತ್ತಿರ ಸಾಮಾನ್ಯವಾಗಿ ಇಂಥದ್ದೇ ಇರುತ್ತದೆ. ಟ್ಯಾಂಕ್ 8 ಬಾರ್‌ಗೆ ತುಂಬಿದೆ, ಅಂದರೆ ಸುಮಾರು 116 ಪಿಎಸ್‌ಐ (ಎರಡೂ ಗಾಳಿಯ ಒತ್ತಡದ ಅಳತೆಗಳು). ಅದು 5 ಬಾರ್‌ಗೆ ಇಳಿಯುವವರೆಗೆ ಟೂಲ್ ಚೆನ್ನಾಗಿ ಓಡುತ್ತದೆ ಅಂದುಕೊಳ್ಳೋಣ. ಈ 3 ಬಾರ್ ಇಳಿತದಲ್ಲಿ ನಿಮಗೆ ಸಿಗುವ ಗಾಳಿ 24 ಗುಣಿಸು 3, ಅಂದರೆ 72 ಲೀಟರ್. ಇದು ಹೊರಗಿನ ಸಾಮಾನ್ಯ ಒತ್ತಡದಲ್ಲಿ ಅಳೆದ ಗಾಳಿ. ಟೂಲ್‌ಗಳ ಡಬ್ಬದ ಮೇಲೆ ಬರೆದಿರುವ ಬಳಕೆಯೂ ಇದೇ ಅಳತೆಯಲ್ಲಿರುತ್ತದೆ.

ಮೊಳೆ ಗನ್ ಒಂದು ಹೊಡೆತಕ್ಕೆ ಹೆಚ್ಚುಕಡಿಮೆ ಒಂದು ಲೀಟರ್ ತಿನ್ನುತ್ತದೆ. ಅಂದರೆ ಕಂಪ್ರೆಸರ್ ಮತ್ತೆ ಶುರುವಾಗುವ ಮುಂಚೆ ಎಪ್ಪತ್ತು ಮೊಳೆ. ಬೀಡಿಂಗ್ (ಅಂಚಿನ ತೆಳು ಪಟ್ಟಿ) ಹೊಡೆಯುವವರು ಎಪ್ಪತ್ತು ಮೊಳೆಯನ್ನು ಒಂದೇ ಉಸಿರಿಗೆ ಹೊಡೆಯುವುದಿಲ್ಲ ಅಲ್ವಾ? ಅಳೆಯಬೇಕು, ಕೊಯ್ಯಬೇಕು, ಅಂಟು ಹಚ್ಚಬೇಕು. ಅಷ್ಟರಲ್ಲಿ ಟ್ಯಾಂಕ್ ಮತ್ತೆ ತುಂಬಿರುತ್ತದೆ.

ಈಗ ಅದೇ ಪೈಪ್‌ಗೆ ಗಾಳಿಯ ಆರ್ಬಿಟಲ್ ಸ್ಯಾಂಡರ್ (ಮರ ಉಜ್ಜುವ ಟೂಲ್) ಸಿಕ್ಕಿಸಿ. ಅದಕ್ಕೆ ಬೇಕಾದ್ದು 10 ಸಿಎಫ್‌ಎಂ, ಅಂದರೆ ನಿಮಿಷಕ್ಕೆ 10 ಘನ ಅಡಿ ಗಾಳಿ, ಆಸುಪಾಸು. ಒಂದು ಸಿಎಫ್‌ಎಂ ಅಂದರೆ ನಿಮಿಷಕ್ಕೆ 28.3 ಲೀಟರ್, ಹಾಗಾಗಿ 283 ಲೀಟರ್. ನಿಮ್ಮ 72 ಲೀಟರ್ ಹದಿನೈದೇ ಸೆಕೆಂಡಿನಲ್ಲಿ ಖಾಲಿ. ಕಂಪ್ರೆಸರ್ ಓಡುತ್ತಿದ್ದರೂ 1 ಎಚ್‌ಪಿಯಿಂದ ಬರುವುದು ನಿಮಿಷಕ್ಕೆ 100 ಲೀಟರ್ ಮಾತ್ರ. ಸ್ಯಾಂಡರ್ ಮೂರು ಪಟ್ಟು ಕೇಳುತ್ತಿದೆ. ಮೊದಲು ವೇಗ ಇಳಿಯುತ್ತದೆ. ಆಮೇಲೆ ಪ್ಯಾಡ್ ಮರದ ಮೇಲೆ ತಿರುಗದೆ ಉರುಳಾಡುತ್ತದೆ, ಹಲಗೆಯ ಮೇಲೆ ಹಂದಿಬಾಲದಂಥ ಸುರುಳಿ ಗೀರು ಬೀಳುತ್ತದೆ. ಪಾಲಿಶ್ ಹಚ್ಚಿದ ಮೇಲೆ ಆ ಗೀರು ಇನ್ನೂ ಎದ್ದು ಕಾಣುತ್ತದೆ.

ಗೊತ್ತಿರಬೇಕಾದ ಇನ್ನೊಂದು ಅಂಕಿ ಇದೆ. ಕಂಪ್ರೆಸರ್‌ಗೆ ಕೊಟ್ಟ 100 ಪಾಲು ಕರೆಂಟ್‌ನಲ್ಲಿ ಗಾಳಿ ಟೂಲ್‌ನ ತುದಿಗೆ ಕೆಲಸವಾಗಿ ತಲುಪುವುದು 10ರಿಂದ 15 ಪಾಲು. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಹತ್ತು ನಿಮಿಷ ಓಡಿದ ಕಂಪ್ರೆಸರ್‌ನ ಹೆಡ್ಡಿನಿಂದ ಟ್ಯಾಂಕ್‌ಗೆ ಹೋಗುವ ತಾಮ್ರದ ಪೈಪ್ ಹತ್ತಿರ ಕೈ ಹಿಡಿದು ನೋಡಿ, ಬಿಲ್ ಎಲ್ಲಿ ಹೋಗುತ್ತಿದೆ ಅಂತ ತಿಳಿಯುತ್ತದೆ. ಮುಟ್ಟಬೇಡಿ, ಚರ್ಮ ಸುಡುತ್ತದೆ.

ದುಡ್ಡಿನಲ್ಲಿ ಹೇಳುವುದಾದರೆ ಹೀಗೆ. ಐದು ಇಂಚಿನ ಕರೆಂಟ್ ಸ್ಯಾಂಡರ್ 250ರಿಂದ 300 ವ್ಯಾಟ್ ತಿನ್ನುತ್ತದೆ. ದಿನಕ್ಕೆ ನಾಲ್ಕು ಗಂಟೆ ಓಡಿಸಿದರೆ ಒಂದು ಯೂನಿಟ್, ಸ್ವಲ್ಪ ಮೇಲೆ. ಗಾಳಿ ಸ್ಯಾಂಡರ್‌ಗೆ 10 ಸಿಎಫ್‌ಎಂ ಬಿಡದೆ ಕೊಡಲು 3 ಎಚ್‌ಪಿ ಕಂಪ್ರೆಸರ್ ಬೇಕು, ಸುಮಾರು 2.2 ಕಿಲೋವ್ಯಾಟ್. ಅದೇ ನಾಲ್ಕು ಗಂಟೆಗೆ ಒಂಬತ್ತು ಯೂನಿಟ್. ಯೂನಿಟ್‌ಗೆ 8 ರೂಪಾಯಿ ಅಂತ ಹಿಡಿದರೆ, ತಿಂಗಳಿಗೆ 25 ದಿನಕ್ಕೆ ವ್ಯತ್ಯಾಸವೇ ಸಾವಿರದೈನೂರು ರೂಪಾಯಿ ದಾಟುತ್ತದೆ. ಒಂದು ಸ್ಯಾಂಡರ್‌ಗೆ ಇಷ್ಟು.

ಮೊಳೆ ಹೊಡೆಯುವುದರಲ್ಲಿ ಗಾಳಿಗೆ ಸಾಟಿ ಇಲ್ಲ

ನಮ್ಮಲ್ಲಿ ಎಫ್30 ಗನ್ ಅಂದರೆ ಗೊತ್ತಿಲ್ಲದ ಬಡಗಿ ಈಗ ಕಡಿಮೆ. 18 ಗೇಜಿನ ಸಣ್ಣ ಮೊಳೆ, 30 ಮಿಲಿಮೀಟರ್ ಉದ್ದದವರೆಗೆ. ಗನ್ನಿನ ಬೆಲೆ ಎರಡು-ಮೂರು ಸಾವಿರದ ಆಸುಪಾಸು. ತೂಕ ಒಂದು ಕೆಜಿ, ಒಂದೂಕಾಲು ಕೆಜಿ. ಒಳಗೆ ಒಂದು ಪಿಸ್ಟನ್, ಅದಕ್ಕೆ ಕಟ್ಟಿದ ಒಂದು ಬ್ಲೇಡ್, ನಾಲ್ಕಾರು ರಬ್ಬರ್ ರಿಂಗ್. ಕೆಟ್ಟರೆ ಸಾಮಾನ್ಯವಾಗಿ ರಿಂಗ್ ಹೋಗಿರುತ್ತದೆ, ಶೆಡ್‌ನಲ್ಲೇ ಬದಲಾಯಿಸಬಹುದು.

ಸುತ್ತಿಗೆ ಮೊಳೆಗೂ ಇದಕ್ಕೂ ವ್ಯತ್ಯಾಸ ವೇಗದಲ್ಲಿ ಮಾತ್ರ ಇಲ್ಲ. ಪ್ಲೈವುಡ್ ಅಂಚಿಗೆ ತೇಗದ ಲಿಪ್ಪಿಂಗ್ ಪಟ್ಟಿ ಕೂರಿಸುತ್ತಿದ್ದೀರಿ ಅನ್ನಿ. ಒಂದು ಕೈಯಲ್ಲಿ ಪಟ್ಟಿಯನ್ನು ಸರಿಯಾಗಿ ಒತ್ತಿ ಹಿಡಿದಿರುತ್ತೀರಿ. ಕೆಳಗೆ ಅಂಟು ಇನ್ನೂ ಹಸಿ. ಸುತ್ತಿಗೆಯ ಪ್ರತಿ ಏಟಿಗೂ ಪಟ್ಟಿ ಕೂದಲೆಳೆಯಷ್ಟು ಜಾರುತ್ತದೆ. ಗನ್ನಿನಲ್ಲಿ ಮೊಳೆ ಪೂರ್ತಿ ಒಂದೇ ಏಟಿಗೆ ಒಳಗೆ ಹೋಗುತ್ತದೆ, ಪಟ್ಟಿಗೆ ಜಾರಲು ಹೊತ್ತೇ ಸಿಗುವುದಿಲ್ಲ. ತಲೆ ಮರದ ಮಟ್ಟಕ್ಕಿಂತ ಒಂದು ಮಿಲಿಮೀಟರ್ ಕೆಳಗೆ ಕೂತಿರುತ್ತದೆ, ಮೇಲೆ ಒಂದು ಚಿಟಿಕೆ ಪುಟ್ಟಿ ಹಚ್ಚಿದರೆ ಮುಗಿಯಿತು. ಇಲ್ಲಿ ಹಿಡಿತ ಕೊಡುವುದು ಅಂಟೇ, ಮೊಳೆ ಅಲ್ಲ. ಅಂಟು ಒಣಗುವವರೆಗೆ ಹಿಡಿದಿಡಲು ಮೊಳೆ.

ಒತ್ತಡ ಹೊಂದಿಸುವುದು ಕೈಗೆ ಬರಬೇಕು. ಈ ಗನ್‌ಗಳು 60ರಿಂದ 100 ಪಿಎಸ್‌ಐ ನಡುವೆ ಓಡುತ್ತವೆ. ಸಿಲ್ವರ್ ಓಕ್, ಪೈನ್‌ಗೆ 70 ಸಾಕು. ತೇಗಕ್ಕೆ 80, 85. ಹೊನ್ನೆ, ಮತ್ತಿಯಂಥ ಗಟ್ಟಿ ಮರಕ್ಕೆ 100 ಕೊಟ್ಟರೂ 30 ಮಿಲಿಮೀಟರ್ ಮೊಳೆ ಕೆಲವೊಮ್ಮೆ ಬಾಗುತ್ತದೆ. ಅಲ್ಲಿ ಗಿಡ್ಡ ಮೊಳೆ ಹಾಕಿ, ಇಲ್ಲವೇ ತೂತು ಕೊರೆದು ಸ್ಕ್ರೂ ಹಾಕಿ. ಮೊದಲು ಅದೇ ಮರದ ತುಂಡೊಂದರ ಮೇಲೆ ಮೂರ್ನಾಲ್ಕು ಹೊಡೆದು ನೋಡುವುದು ಒಳ್ಳೆಯದು. ಒತ್ತಡ ಜಾಸ್ತಿ ಆದರೆ ಮೊಳೆ ತೆಳು ಪಟ್ಟಿಯನ್ನು ದಾಟಿ ಪೂರ್ತಿ ಪ್ಲೈ ಒಳಗೇ ಇಳಿಯುತ್ತದೆ.

ಮೊಳೆಯ ತುದಿ ಗಂಟಿಗೆ ತಾಗಿದರೆ, ಅಥವಾ ಎಳೆ ಹಿಡಿದು ಸಾಗಿದರೆ, ಪಕ್ಕದಿಂದ ಹೊರಗೆ ಬರುತ್ತದೆ. ಪಟ್ಟಿ ಹಿಡಿದ ಬೆರಳು ಮೊಳೆಯ ಉದ್ದಕ್ಕಿಂತ ದೂರವೇ ಇರಬೇಕು. ಇದನ್ನು ಹುಡುಗರಿಗೆ ಮೊದಲ ದಿನವೇ ಹೇಳಿ. ಮೊಳೆ ಸಿಕ್ಕಿಕೊಂಡರೆ ಪೈಪ್ ಬಿಚ್ಚಿದ ಮೇಲೆಯೇ ಮೂತಿಗೆ ಕೈ ಹಾಕಬೇಕು. ಟ್ರಿಗರ್‌ನಿಂದ ಬೆರಳು ತೆಗೆದರೆ ಸಾಲದು.

ಹಾಗಾದರೆ ಕರೆಂಟ್ ಮೊಳೆ ಗನ್? ವೈರ್ ಇರುವ ಅಗ್ಗದ ಮಾದರಿಗಳು ಕಾಯಿಲ್ ಬಲದಲ್ಲಿ ಹೊಡೆಯುತ್ತವೆ. ಹೊಡೆತಕ್ಕೆ ಬಲ ಸಾಲದು, ಕೈಗೆ ಒದೆತ ಜಾಸ್ತಿ, ತೇಗದಲ್ಲಿ ತಲೆ ಮೇಲೇ ನಿಲ್ಲುತ್ತದೆ. ಅದಕ್ಕೆ ದುಡ್ಡು ಹಾಕಬೇಡಿ. ಬ್ಯಾಟರಿಯ ಗನ್‌ಗಳು ಬೇರೆ ಮಾತು. ಕೆಲವು ಒಳಗೆ ತಿರುಗುವ ಚಕ್ರದ ಬಲದಿಂದ, ಕೆಲವು ಮುಚ್ಚಿಟ್ಟ ಗ್ಯಾಸ್ ಸ್ಪ್ರಿಂಗ್‌ನಿಂದ ಹೊಡೆಯುತ್ತವೆ. ಕೆಲಸ ಚೆನ್ನಾಗಿ ಮಾಡುತ್ತವೆ. ಆದರೆ ತೂಕ ಎರಡೂವರೆಯಿಂದ ಮೂರು ಕೆಜಿ, ಬೆಲೆ ಗಾಳಿ ಗನ್ನಿನ ಹಲವು ಪಟ್ಟು. ಫಾಲ್ಸ್ ಸೀಲಿಂಗ್ ಕೆಳಗೆ ಕೈ ಎತ್ತಿ ಕಾರ್ನಿಸ್ ಹೊಡೆಯುವಾಗ ಆ ತೂಕ ಮಧ್ಯಾಹ್ನದೊಳಗೆ ಭುಜಕ್ಕೆ ಗೊತ್ತಾಗುತ್ತದೆ. ಹತ್ತಾರು ಮನೆಗಳಿಗೆ ಹೋಗಿ ಅಲ್ಲಿ ನಾಲ್ಕು, ಇಲ್ಲಿ ಆರು ಮೊಳೆ ಹೊಡೆಯುವ ರಿಪೇರಿ ಕೆಲಸದವರಿಗೆ ಮಾತ್ರ ಅದು ಸರಿಯಾದ ಆಯ್ಕೆ. ಕಂಪ್ರೆಸರ್ ಹೊತ್ತು ಮೂರನೇ ಮಹಡಿಗೆ ಹತ್ತುವುದು ತಪ್ಪುತ್ತದೆ.

ಸೋಫಾ ಕೆಲಸದವರಿಗೆ ಇಷ್ಟು ಯೋಚನೆಯೇ ಬೇಡ. ಗಾಳಿಯ ಸ್ಟೇಪಲ್ ಗನ್, ಚಿಕ್ಕ ಕಂಪ್ರೆಸರ್, ಮುಗಿಯಿತು. ತಲೆ ಇಲ್ಲದ 23 ಗೇಜ್ ಪಿನ್ ಹೊಡೆಯುವ ಗನ್ನೂ ಒಂದಿರಲಿ. ಫೋಟೋ ಫ್ರೇಮ್, ದೇವರ ಮಂಟಪದ ಸಣ್ಣ ಕೆತ್ತನೆ ತುಂಡು, ತೆಳು ಮೋಲ್ಡಿಂಗ್‌ಗೆ ಅದು ಮಾಡುವ ತೂತು ಹುಡುಕಿದರೂ ಸಿಗುವುದಿಲ್ಲ.

ಉಜ್ಜುವ ಕೆಲಸ

ಗಾಳಿ ಸ್ಯಾಂಡರ್ ಹಿಡಿದವರಿಗೆ ಅದನ್ನು ಬಿಡಲು ಮನಸ್ಸಾಗುವುದಿಲ್ಲ. ಅದು ನನಗೂ ಅರ್ಥವಾಗುತ್ತದೆ. ಅಂಗೈಯಲ್ಲಿ ಕೂರುತ್ತದೆ, ಒಂದು ಕೆಜಿಯೂ ಇರುವುದಿಲ್ಲ. ಎತ್ತರ ಕಡಿಮೆ ಇರುವುದರಿಂದ ನಿಮ್ಮ ಕೈ ಮರಕ್ಕೆ ಹತ್ತಿರ ಇರುತ್ತದೆ, ಮೇಲ್ಮೈಯ ಏರಿಳಿತ ಬೆರಳಿಗೇ ತಿಳಿಯುತ್ತದೆ. ಜೋರಾಗಿ ಒತ್ತಿದರೆ ನಿಂತುಬಿಡುತ್ತದೆ, ಕೈ ಎತ್ತಿದರೆ ಮತ್ತೆ ತಿರುಗುತ್ತದೆ, ಸುಡುವುದಕ್ಕೆ ಏನೂ ಇಲ್ಲ. ಕರೆಂಟ್ ಸ್ಯಾಂಡರ್ ದಿನವಿಡೀ ಮರದ ಹುಡಿಯಲ್ಲೇ ಉಸಿರಾಡುತ್ತದೆ. ಅದರ ಕಾರ್ಬನ್ ಬ್ರಶ್ ಸವೆಯುತ್ತದೆ, ಬೇರಿಂಗ್ ಒಳಗೆ ಹುಡಿ ಸೇರುತ್ತದೆ.

ಗಾಳಿ ಸ್ಯಾಂಡರ್ ಅನ್ನು ನಾನು ಖಂಡಿತ ತಗೊಳ್ಳಿ ಅನ್ನುವ ಒಂದು ಜಾಗ ಇದೆ: ನೀರು ಹಾಕಿ ಉಜ್ಜುವ ಕೆಲಸ. ಪಿಯು (ಪಾಲಿಯುರೆಥೇನ್) ಪಾಲಿಶ್ ಮೇಲೆ 1000, 1500 ನಂಬರ್ ಕಾಗದದಲ್ಲಿ ನೀರು ಚಿಮುಕಿಸಿ ಉಜ್ಜಿ ಗಾಜಿನಂಥ ಹೊಳಪು ತರುತ್ತಾರಲ್ಲ, ಅಲ್ಲಿ 230 ವೋಲ್ಟ್ ಟೂಲ್ ಹಿಡಿಯುವುದು ಜೀವಕ್ಕೇ ಅಪಾಯ. ಗಾಳಿ ಟೂಲ್‌ನಲ್ಲಿ ಕರೆಂಟೇ ಇಲ್ಲ.

ಬರಿ ಮರ ಉಜ್ಜಲು ಮಾತ್ರ, ಒಬ್ಬರೋ ಇಬ್ಬರೋ ಇರುವ ಶೆಡ್‌ಗೆ ಕರೆಂಟ್ ಸ್ಯಾಂಡರ್ ಸಾಕು. ಮೇಲೆ ಹೇಳಿದ ಬಿಲ್ ಒಂದು ಕಾರಣ. ಧೂಳು ಇನ್ನೊಂದು. ಕರೆಂಟ್ ಸ್ಯಾಂಡರ್‌ಗೆ ಹಿಂದೆ ಪೈಪ್ ಕಿಂಡಿ ಇರುತ್ತದೆ, ಅದಕ್ಕೆ ವ್ಯಾಕ್ಯೂಮ್ ಸಿಕ್ಕಿಸಿದರೆ ಹುಡಿ ಅಲ್ಲೇ ಹೀರಿಕೊಳ್ಳುತ್ತದೆ. ಅಗ್ಗದ ಗಾಳಿ ಸ್ಯಾಂಡರ್‌ನಲ್ಲಿ ಆ ಕಿಂಡಿ ಇರುವುದಿಲ್ಲ. ಜೊತೆಗೆ ಅದು ಬಿಡುವ ಗಾಳಿಯೇ ಹುಡಿಯನ್ನು ಕೋಣೆ ತುಂಬಾ ಎಬ್ಬಿಸುತ್ತದೆ. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಮೂಗಿನ ಒಳಭಾಗಕ್ಕೆ ಬರುವ ಕ್ಯಾನ್ಸರ್ ಅದು. ಹುಡಿ ಕುಡಿದೇ ಬಡಗಿ ಆಗಬೇಕು ಅನ್ನುವ ಮಾತನ್ನು ದಯವಿಟ್ಟು ಬಿಟ್ಟುಬಿಡಿ. ಮಾಸ್ಕ್ ಹಾಕಿ, ವ್ಯಾಕ್ಯೂಮ್ ಹಾಕಿ.

ಇದರ ಜೊತೆಗೇ ಬರುವ ಇನ್ನೊಂದು ಕೆಟ್ಟ ಅಭ್ಯಾಸ: ಸಂಜೆ ಮನೆಗೆ ಹೊರಡುವಾಗ ಬ್ಲೋ ಗನ್ ಹಿಡಿದು ಮೈಮೇಲಿನ ಹುಡಿ ಊದಿಕೊಳ್ಳುವುದು. ಏಳೆಂಟು ಬಾರ್ ಗಾಳಿ ಕಣ್ಣಿಗೆ, ಕಿವಿಗೆ, ಗಾಯಕ್ಕೆ ಹೊಕ್ಕರೆ ಆಸ್ಪತ್ರೆಯೇ ಗತಿ. ಅಮೆರಿಕದ ಕಾರ್ಖಾನೆ ಸುರಕ್ಷತಾ ನಿಯಮದಲ್ಲಿ ಸ್ವಚ್ಛಗೊಳಿಸಲು ಬಳಸುವ ಗಾಳಿ 30 ಪಿಎಸ್‌ಐ ಮೀರಬಾರದು ಅಂತಿದೆ, ಅದೂ ಮೆಷಿನ್ ಸ್ವಚ್ಛ ಮಾಡಲು. ಬಟ್ಟೆಗೆ ಬ್ರಶ್ ಇಟ್ಟುಕೊಳ್ಳಿ.

ನಾಲ್ಕೈದು ಜನ ದಿನವಿಡೀ ಉಜ್ಜುವ ದೊಡ್ಡ ಫರ್ನಿಚರ್ ಘಟಕದಲ್ಲಿ ಲೆಕ್ಕ ಬದಲಾಗುತ್ತದೆ. ಅಲ್ಲಿ ಹೇಗೂ ತ್ರೀಫೇಸ್ ಇದೆ, ದೊಡ್ಡ ಸ್ಕ್ರೂ ಕಂಪ್ರೆಸರ್ ಇದೆ, ಕೈ ನೋಯದ ಹಗುರ ಟೂಲ್‌ಗೆ ಬೆಲೆ ಇದೆ. ಅವರು ಗಾಳಿಗೆ ಹೋಗುವುದು ಸರಿಯೇ.

ಕೊರೆಯುವುದು, ಕೊಯ್ಯುವುದು, ರೂಟರ್: ಇಲ್ಲಿ ಹೆಚ್ಚು ಹೇಳುವುದೇನೂ ಇಲ್ಲ. ಎಲ್ಲಾ ಕರೆಂಟ್. ಗಾಳಿ ಡ್ರಿಲ್ ಮೆಕ್ಯಾನಿಕ್ ಶೆಡ್‌ನಲ್ಲಿ ಚೆಂದ. ಮರಕ್ಕೆ ಬ್ಯಾಟರಿ ಡ್ರಿಲ್ ಬಂದ ಮೇಲೆ ಅದರ ಅಗತ್ಯ ಉಳಿದಿಲ್ಲ. ಲ್ಯಾಮಿನೇಟ್ ಅಂಚು ಕತ್ತರಿಸುವ ಟ್ರಿಮ್ಮರ್‌ಗೂ ಕರೆಂಟೇ ಇರಲಿ.

ಪಾಲಿಶ್ ಯಾರು ಮಾಡುತ್ತಾರೆ?

ಈಗ ಆ ಅಪವಾದಕ್ಕೆ ಬರೋಣ. ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್, ಮೆಲಮೈನ್, ಪಿಯು, ಯಾವುದೇ ಆಗಲಿ, ಸ್ಪ್ರೇ ಮಾಡಬೇಕೆಂದರೆ ಗಾಳಿ ಬಿಡದೆ ಬೇಕು. ಎಚ್‌ವಿಎಲ್‌ಪಿ (ಗಾಳಿ ಹೆಚ್ಚು, ಒತ್ತಡ ಕಡಿಮೆ) ಗನ್ನಿನ ಮೂತಿಯಲ್ಲಿ ಒತ್ತಡ 10 ಪಿಎಸ್‌ಐ ಮೀರುವುದಿಲ್ಲ, ಆದರೆ ಗಾಳಿಯ ಪ್ರಮಾಣ 10ರಿಂದ 15 ಸಿಎಫ್‌ಎಂ. ಒತ್ತಡ ಕಡಿಮೆ ಅಂತ ಚಿಕ್ಕ ಕಂಪ್ರೆಸರ್ ಸಾಕು ಅಂದುಕೊಂಡು ಮೋಸಹೋಗುವವರು ಬಹಳ ಜನ. ಇಂಥ ಗನ್‌ಗೆ 3 ಎಚ್‌ಪಿಯಿಂದ 5 ಎಚ್‌ಪಿ ಬೇಕು. ಹಳೇ ಮಾದರಿ ಗನ್‌ಗೆ ಗಾಳಿ ಕಡಿಮೆ ಸಾಕು, ಆದರೆ ಅರ್ಧಕ್ಕಿಂತ ಹೆಚ್ಚು ಪಾಲಿಶ್ ಮಂಜಾಗಿ ಹಾರಿಹೋಗುತ್ತದೆ. ಎಚ್‌ವಿಎಲ್‌ಪಿಯಲ್ಲಿ ಮೂರರಲ್ಲಿ ಎರಡು ಪಾಲು ಮರಕ್ಕೆ ಅಂಟುತ್ತದೆ. ಪಿಯು ಬೆಲೆ ಗೊತ್ತಿರುವವರಿಗೆ ಇದು ಸಣ್ಣ ಉಳಿತಾಯ ಅಲ್ಲ.

ಚಿಕ್ಕ ಪ್ರಮಾಣಕ್ಕೆ ಕರೆಂಟ್‌ನ ಟರ್ಬೈನ್ ಸ್ಪ್ರೇ ಮೆಷಿನ್ ಸಿಗುತ್ತದೆ. ಕಂಪ್ರೆಸರ್ ಇಲ್ಲದೆ, ವ್ಯಾಕ್ಯೂಮ್ ಮೋಟಾರ್ ತರಹದ ಮೋಟಾರ್‌ನಿಂದಲೇ ಗಾಳಿ ಊದುತ್ತದೆ. ವರ್ಷಕ್ಕೆ ನಾಲ್ಕು ಟೇಬಲ್ ಮಾಡುವವರಿಗೆ ಅದು ಸಾಕು. ಆದರೆ ಒಂದು ಎಚ್ಚರಿಕೆ: ಬ್ರಶ್ ಇರುವ ಮೋಟಾರ್ ಒಳಗೆ ಕಿಡಿ ಹಾರುತ್ತದೆ. ಎನ್‌ಸಿ ಥಿನ್ನರ್ ಆವಿ ತುಂಬಿದ ಮುಚ್ಚಿದ ಕೋಣೆಯಲ್ಲಿ ಆ ಕಿಡಿ ಬೆಂಕಿಯಾಗಬಹುದು. ಗಾಳಿ ಗನ್‌ನಲ್ಲಿ ಈ ಮೋಟಾರ್ ಇಲ್ಲ, ನಿಜ. ಆದರೆ ಕಂಪ್ರೆಸರ್‌ನ ಪ್ರೆಶರ್ ಸ್ವಿಚ್ ಪ್ರತಿ ಸಲ ಹತ್ತುವಾಗಲೂ ಕಿಡಿ ಬಿಡುತ್ತದೆ. ಹಾಗಾಗಿ ಕಂಪ್ರೆಸರ್ ಪಾಲಿಶ್ ಕೋಣೆಯ ಹೊರಗೇ ಇರಬೇಕು.

ಇನ್ನು ನೀರು. ಕರಾವಳಿ, ಮಲೆನಾಡಿನವರು ಇದನ್ನು ಗಮನವಿಟ್ಟು ಓದಿ. 30 ಡಿಗ್ರಿ ಬಿಸಿಲು, ಶೇ. 80 ತೇವ ಇದ್ದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರಿನ ಆವಿ ಇರುತ್ತದೆ. ನಿಮಿಷಕ್ಕೆ 200 ಲೀಟರ್ ಎಳೆಯುವ 2 ಎಚ್‌ಪಿ ಕಂಪ್ರೆಸರ್ ಗಂಟೆಗೆ 12 ಘನ ಮೀಟರ್ ಗಾಳಿ ನುಂಗುತ್ತದೆ. ಅದನ್ನು 8 ಬಾರ್‌ಗೆ ಒತ್ತಿ, ಮತ್ತೆ ಆರಿದಾಗ ಗಾಳಿಗೆ ಅಷ್ಟು ಆವಿ ಹಿಡಿದಿಡಲು ಆಗುವುದಿಲ್ಲ. ಗಂಟೆಗೆ ಕಾಲು ಲೀಟರ್ ನೀರು ಟ್ಯಾಂಕ್‌ನಲ್ಲಿ, ಪೈಪ್‌ನಲ್ಲಿ ಇಳಿಯುತ್ತದೆ. ಮಂಗಳೂರಿನ ಜುಲೈ ತಿಂಗಳಿನಲ್ಲಿ ಸಂಜೆ ತಳದ ನಲ್ಲಿ ತಿರುಗಿಸಿದರೆ ಚೊಂಬು ತುಂಬುವಷ್ಟು ಬರುವುದು ಇದಕ್ಕೇ.

ಮೊಳೆ ಗನ್‌ಗೆ ಈ ನೀರು ತುಕ್ಕು ತರುತ್ತದೆ, ಅಷ್ಟೇ. ಪಾಲಿಶ್‌ಗೆ ಬಂದರೆ ಕೆಲಸವೇ ಹಾಳು. ಒಂದು ಹನಿ ಲ್ಯಾಕರ್ ಮೇಲೆ ಬಿದ್ದರೂ ಬಿಳಿ ಮಚ್ಚೆ. ಕಂಪ್ರೆಸರ್‌ನ ಎಣ್ಣೆ ಬೆರೆತರೆ ಮೀನಿನ ಕಣ್ಣಿನಂಥ ಗುಂಡಿಗಳು ಏಳುತ್ತವೆ, ಅದನ್ನು ಪೂರ್ತಿ ಕೆರೆದು ಮತ್ತೆ ಹಚ್ಚಬೇಕು. ಆದ್ದರಿಂದ ಪಾಲಿಶ್ ಲೈನ್‌ಗೆ ಫಿಲ್ಟರ್, ನೀರು ಹಿಡಿಯುವ ಬಟ್ಟಲು ಬೇಕೇ ಬೇಕು. ಅದನ್ನು ಕಂಪ್ರೆಸರ್ ಪಕ್ಕದಲ್ಲಿ ಹಾಕಿದರೆ ಉಪಯೋಗ ಕಡಿಮೆ, ಗಾಳಿ ಇನ್ನೂ ಬಿಸಿಯಾಗಿರುತ್ತದೆ, ನೀರು ಆವಿಯಾಗೇ ದಾಟಿಹೋಗುತ್ತದೆ. ಗಾಳಿ ಆರಿದ ಮೇಲೆ, ಗನ್ ಕಡೆಯ ಕೊನೆಯಲ್ಲಿ ಹಾಕಿ.

ಇಲ್ಲೇ ಇನ್ನೊಂದು ತೊಡಕು. ಗಾಳಿ ಸ್ಯಾಂಡರ್, ಮೊಳೆ ಗನ್‌ಗಳಿಗೆ ದಿನಕ್ಕೆ ಒಂದೆರಡು ಹನಿ ಎಣ್ಣೆ ಬೇಕು. ಪಾಲಿಶ್ ಗನ್‌ಗೆ ಎಣ್ಣೆ ವಿಷ. ಎರಡಕ್ಕೂ ಒಂದೇ ರಬ್ಬರ್ ಪೈಪ್ ಬಳಸಬೇಡಿ. ಎಣ್ಣೆ ಒಮ್ಮೆ ಹೊಕ್ಕ ಪೈಪ್ ಮತ್ತೆ ಶುದ್ಧ ಆಗುವುದಿಲ್ಲ. ಬೇರೆ ಬಣ್ಣದ ಎರಡು ಪೈಪ್ ಇಟ್ಟರೆ ಯಾರೂ ಗೊಂದಲ ಮಾಡಿಕೊಳ್ಳುವುದಿಲ್ಲ.

ಸ್ಪ್ರೇ ಬೇಡದ ಕೆಲಸವೂ ಬೇಕಾದಷ್ಟಿದೆ ಅನ್ನುವುದು ನೆನಪಿರಲಿ. ಚನ್ನಪಟ್ಟಣದ ಗೊಂಬೆ ಕೆಲಸ ನೋಡಿ. ಆಲೆ ಮರದ ತುಂಡು ಕರೆಂಟ್ ಲೇತ್‌ನಲ್ಲಿ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ, ಆಮೇಲೆ ಕೇದಗೆ ಎಲೆಯ ಗರಿ ಒತ್ತಿದರೆ ಹೊಳಪು ಬರುತ್ತದೆ. ಬಣ್ಣ, ಪಾಲಿಶ್ ಎರಡೂ ಲೇತ್ ಮೇಲೇ ಮುಗಿದವು, ಕಂಪ್ರೆಸರ್‌ಗೆ ಕೆಲಸವೇ ಇಲ್ಲ. ಎಣ್ಣೆ, ಮೇಣ, ಬಟ್ಟೆಯಲ್ಲಿ ಹಚ್ಚುವ ಫ್ರೆಂಚ್ ಪಾಲಿಶ್ ನೆಚ್ಚಿಕೊಂಡವರಿಗೂ ಇದೇ ಮಾತು. ಮುಕ್ತಾಯ ಯಾವುದು ಅಂತ ಮೊದಲು ತೀರ್ಮಾನಿಸಿ, ಕಂಪ್ರೆಸರ್ ಆಮೇಲೆ.

ಕರೆಂಟ್, ಸದ್ದು, ಸೋರಿಕೆ

ಬೇಸಿಗೆಯ ಸಂಜೆ ಹಳ್ಳಿ ಕಡೆ ವೋಲ್ಟೇಜ್ ಬೀಳುವುದು ಎಲ್ಲರಿಗೂ ಗೊತ್ತು. 230 ಇರಬೇಕಾದದ್ದು 180ಕ್ಕೆ ಇಳಿದರೆ ಕರೆಂಟ್ ಸ್ಯಾಂಡರ್, ಡ್ರಿಲ್ ನಿಧಾನವಾಗಿ ಓಡುತ್ತವೆ, ಆದರೂ ಓಡುತ್ತವೆ. ಕಂಪ್ರೆಸರ್ ಮೋಟಾರ್ ಹಾಗಲ್ಲ. ವೋಲ್ಟೇಜ್ ಆ ಮಟ್ಟಕ್ಕೆ ಇಳಿದಾಗ ಅದರ ತಿರುಗುವ ಬಲ ಶೇ. 60ರ ಆಸುಪಾಸಿಗೆ ಬೀಳುತ್ತದೆ. ಶುರುವಾಗದೆ ಗುಂಯ್ ಅನ್ನುತ್ತಾ ನಿಲ್ಲುತ್ತದೆ. ಓವರ್‌ಲೋಡ್ ಸ್ವಿಚ್ ಇಲ್ಲದಿದ್ದರೆ ಸ್ವಲ್ಪ ಹೊತ್ತಿನಲ್ಲೇ ವೈಂಡಿಂಗ್ ಸುಟ್ಟ ವಾಸನೆ. ಶುರುವಾಗುವ ಕ್ಷಣದಲ್ಲಿ ಈ ಮೋಟಾರ್ ಸಾಮಾನ್ಯ ಓಟದ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಅದಕ್ಕೇ ಚಿಕ್ಕ ಜನರೇಟರ್ ಇದನ್ನು ಎಬ್ಬಿಸಲಾರದು, ತೆಳು ಎಕ್ಸ್‌ಟೆನ್ಶನ್ ವೈರ್ ಬಿಸಿಯಾಗುತ್ತದೆ. ದೂರ ಕೆಲಸ ಮಾಡಬೇಕಾದರೆ ವೈರ್ ಉದ್ದ ಮಾಡಬೇಡಿ, ಗಾಳಿ ಪೈಪ್ ಉದ್ದ ಮಾಡಿ.

ಸದ್ದಿನ ವಿಷಯದಲ್ಲಿ ಪಿಸ್ಟನ್ ಕಂಪ್ರೆಸರ್ ಕ್ಷಮೆ ಇಲ್ಲದ ಜಾತಿ. ಎಂಟು ಗಂಟೆ ಕೇಳಬಹುದಾದ ಮಿತಿ 85 ಡೆಸಿಬೆಲ್ ಅಂತ ಕೆಲಸಗಾರರ ಸುರಕ್ಷತೆ, ಆರೋಗ್ಯ ನೋಡುವ ಅಮೆರಿಕದ ನಿಯೋಶ್ ಸಂಸ್ಥೆ ಹೇಳುತ್ತದೆ, ಬೆಲ್ಟ್ ಕಂಪ್ರೆಸರ್ ಪಕ್ಕದಲ್ಲಿ ನಿಂತರೆ ಅದು ಸುಲಭವಾಗಿ ಮೀರುತ್ತದೆ. ಜನ ವಾಸ ಇರುವ ಅಪಾರ್ಟ್‌ಮೆಂಟ್‌ನಲ್ಲಿ ಕೆಲಸ ಇದ್ದರೆ ಎಣ್ಣೆ ಬೇಡದ, ಸದ್ದು ಕಡಿಮೆಯ ಚಿಕ್ಕ ಮಾದರಿಯನ್ನೇ ತಗೊಳ್ಳಿ. ಅವು ಬಿಡದೆ ಓಡಲು ಮಾಡಿದವಲ್ಲ, ಅರ್ಧ ಹೊತ್ತು ಓಟ, ಅರ್ಧ ಹೊತ್ತು ವಿಶ್ರಾಂತಿ. ಮೊಳೆಗೆ ಅಷ್ಟು ಸಾಕು.

ಸೋರಿಕೆ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. 7 ಬಾರ್‌ನಲ್ಲಿ ಒಂದೇ ಒಂದು ಮಿಲಿಮೀಟರ್ ತೂತಿನಿಂದ ನಿಮಿಷಕ್ಕೆ ಸುಮಾರು 70 ಲೀಟರ್ ಗಾಳಿ ಹೋಗುತ್ತದೆ. ನಿಮ್ಮ 1 ಎಚ್‌ಪಿ ಕಂಪ್ರೆಸರ್ ಕೊಡುವುದೇ 100 ಲೀಟರ್! ಸಂಜೆ ಟ್ಯಾಂಕ್ ತುಂಬಿಸಿ, ಮೋಟಾರ್ ಆಫ್ ಮಾಡಿ, ಅರ್ಧ ಗಂಟೆ ಬಿಟ್ಟು ಮುಳ್ಳು ನೋಡಿ. ಇಳಿದಿದ್ದರೆ ಪ್ರತಿ ಜಾಯಿಂಟ್‌ಗೂ ಸೋಪಿನ ನೀರು ಹಚ್ಚಿ, ಗುಳ್ಳೆ ಎದ್ದ ಕಡೆ ಬಿಗಿ ಮಾಡಿ. ಗೋಡೆಗೆ ಪೈಪ್ ಹಾಕುವವರು ಪಿವಿಸಿ ನೀರಿನ ಪೈಪ್ ಬಳಸಲೇಬೇಡಿ. ವರ್ಷ ಕಳೆದಂತೆ ಅದು ಪೆಡಸಾಗುತ್ತದೆ, ಒಡೆದರೆ ಚೂರುಗಳು ಗಾಜಿನಂತೆ ಹಾರುತ್ತವೆ. ಜಿಐ (ಸತು ಲೇಪಿಸಿದ ಕಬ್ಬಿಣ), ತಾಮ್ರ, ಇಲ್ಲವೇ ಗಾಳಿಗೆಂದೇ ಮಾಡಿದ ಪೈಪ್ ಹಾಕಿ.

ಯಾರಿಗೆ ಯಾವುದು

ಮನೆಯಲ್ಲಿ ಹವ್ಯಾಸಕ್ಕೆ ಮಾಡುವವರು: ಕರೆಂಟ್ ಡ್ರಿಲ್, ಜಿಗ್‌ಸಾ, ಸ್ಯಾಂಡರ್, ಟ್ರಿಮ್ಮರ್. ಕಂಪ್ರೆಸರ್ ಮೊದಲ ವರ್ಷ ಬೇಡವೇ ಬೇಡ. ಕ್ಲ್ಯಾಂಪ್ ನಾಲ್ಕು ಜಾಸ್ತಿ ತಗೊಳ್ಳಿ, ಮೊಳೆ ಮಾಡುವ ಕೆಲಸ ಅವೇ ಮಾಡುತ್ತವೆ.

ಸೈಟ್‌ಗಳಲ್ಲಿ ಕಿಚನ್, ವಾರ್ಡ್‌ರೋಬ್ ಮಾಡುವವರು: ತಿರುಗುವುದೆಲ್ಲಾ ಕರೆಂಟ್ ಅಥವಾ ಬ್ಯಾಟರಿ, ಹೊಡೆಯುವುದೆಲ್ಲಾ ಗಾಳಿ. 24 ಲೀಟರ್ ಟ್ಯಾಂಕ್, ಎಫ್30 ಗನ್ ಒಂದು, ಪಿನ್ ಗನ್ ಒಂದು, 10 ಮೀಟರ್ ಪಿಯು ಪೈಪ್. ಇವತ್ತು ನಮ್ಮ ಸಣ್ಣ ಗುತ್ತಿಗೆದಾರರಿಗೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸ್ವಂತ ಶೆಡ್ ಇದ್ದು, ಪಾಲಿಶ್ ಹೊರಗೆ ಕೊಡುವವರಿಗೂ ಇಷ್ಟೇ ಸಾಕು. ಪಾಲಿಶ್ ಒಳಗೇ ಮಾಡುವವರು 3 ಎಚ್‌ಪಿ ಮೇಲಿನ ಬೆಲ್ಟ್ ಕಂಪ್ರೆಸರ್‌ಗೆ ಹೋಗಿ, 150 ಲೀಟರ್‌ಗಿಂತ ದೊಡ್ಡ ಟ್ಯಾಂಕ್ ಇರಲಿ. ಅದು ಬಂದ ಮೇಲೆ ನೀರು ಹಾಕಿ ಉಜ್ಜಲು ಒಂದು ಗಾಳಿ ಸ್ಯಾಂಡರ್ ಸೇರಿಸಿಕೊಳ್ಳಿ. ಬರಿ ಮರ ಉಜ್ಜುವುದನ್ನು ಕರೆಂಟ್‌ಗೇ ಬಿಡಿ.

ಹಳೇ ಕಂಪ್ರೆಸರ್ ನೋಡುವಾಗ

ಹಲವರು ಹಳೆಯದನ್ನೇ ಕೊಳ್ಳುತ್ತಾರೆ, ತಪ್ಪೇನಿಲ್ಲ. ಪ್ಲೇಟ್ ಮೇಲಿನ ಸಿಎಫ್‌ಎಂ ನಂಬಬೇಡಿ. ಅದು ಸಾಮಾನ್ಯವಾಗಿ ಪಿಸ್ಟನ್ ಎಳೆಯುವ ಗಾಳಿ, ಟ್ಯಾಂಕ್‌ಗೆ ಬರುವ ಗಾಳಿ ಅದಕ್ಕಿಂತ ಕಡಿಮೆ. ನೀವೇ ಅಳೆಯಿರಿ. ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಿ, ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಹಾಕಿ, 7 ಬಾರ್ ಬರುವವರೆಗೆ ಕಾಯಿರಿ. 100 ಲೀಟರ್ ಟ್ಯಾಂಕ್ ಆದರೆ ಒಳಗೆ ಹೋದ ಗಾಳಿ 700 ಲೀಟರ್. ಮೂರೂವರೆ ನಿಮಿಷ ಹಿಡಿದರೆ ನಿಮಿಷಕ್ಕೆ 200 ಲೀಟರ್, ಅಂದರೆ 7 ಸಿಎಫ್‌ಎಂ. 2 ಎಚ್‌ಪಿಗೆ ಇದು ಸರಿಯಾದ ಲೆಕ್ಕ. ಆರು ನಿಮಿಷ ಆದರೆ ರಿಂಗ್ ಅಥವಾ ವಾಲ್ವ್ ಸವೆದಿದೆ, ರಿಪೇರಿ ಖರ್ಚು ಬೆಲೆಯಲ್ಲಿ ಕಳೆಯಿರಿ.

ತುಂಬಿ ನಿಂತ ತಕ್ಷಣ ಪುಸ್ ಅಂತ ಸದ್ದು ಬರಬೇಕು, ಹೆಡ್ಡಿನ ಒತ್ತಡ ಬಿಡುವ ವಾಲ್ವ್ ಕೆಲಸ ಮಾಡುತ್ತಿದೆ ಅಂತ ಅರ್ಥ. ಆ ಸದ್ದು ಬರದಿದ್ದರೆ ಮುಂದಿನ ಸಲ ಮೋಟಾರ್ ಒತ್ತಡದ ವಿರುದ್ಧ ಎದ್ದೇಳಲು ಒದ್ದಾಡುತ್ತದೆ. ಸೇಫ್ಟಿ ವಾಲ್ವ್‌ನ ಉಂಗುರ ಎಳೆದು ನೋಡಿ, ಗಾಳಿ ಹೋಗಿ ಮತ್ತೆ ತಾನೇ ಮುಚ್ಚಿಕೊಳ್ಳಬೇಕು. ಕೊನೆಗೆ ತಳದ ನಲ್ಲಿ ತಿರುಗಿಸಿ. ನೀರು ಸ್ವಲ್ಪ ಕೆಂಪಗಿದ್ದರೆ ಹಳೇ ಟ್ಯಾಂಕ್‌ಗೆ ಸಹಜ. ಕಂದು ಕೆಸರು, ತುಕ್ಕಿನ ಪದರ ಬಿದ್ದರೆ ಒಳಗೆ ತಗಡು ತೆಳುವಾಗಿದೆ. ಟ್ಯಾಂಕ್ ತಳದಲ್ಲಿ ಮೇಲಿನಿಂದ ವೆಲ್ಡಿಂಗ್ ಮಾಡಿದ ತೇಪೆ ಕಂಡರೆ, ಬೆಲೆ ಎಷ್ಟೇ ಇಳಿಸಿದರೂ ಅದನ್ನು ಅಲ್ಲೇ ಬಿಟ್ಟು ಬನ್ನಿ.